ಆ ಮರಿಗೆ ತಾಯಿ ಇತ್ತು

ನನ್ನ ಮೊಮ್ಮಗಳು ಸುಜಾತಾ ಅರಣ್ಯ ರಕ್ಷಕಿಯಾದಳು! ಇಂದು ಮುಂಜಾನೆ ಬೀದರಿನಿಂದ ಖಾಕಿ ಅಂಗಿ ತಂದು ನನ್ನ ಮಡಿಲಿಗೆ ಹಾಕಿದಳು. ಡಾಬಕಾದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ಇಷ್ಟು ಸಂತೋಷವನ್ನು ಹೇಗೆ ಬರೆಯಬೇಕೋ — ಆದರೆ ಇದರ ಬುಡದಲ್ಲಿ ನನ್ನದೊಂದು ಸುಳ್ಳಿದೆ.

"ತಾಯಿಲ್ಲದ ಚಿಗರಿಮರಿ ಉಳಿಸಿದಾಕಿ ನಮ್ಮಾಯಿ. ಆಕಿನ್ನ ನೋಡೇ ನಾ ಈ ಕೆಲಸಕ್ಕ ಬಂದೀನ್ರಿ," ಎಂದು ಅವಳು ಎಲ್ಲರಿಗೂ ಹೇಳುತ್ತಾಳೆ. ಆ ಮರಿಗೆ ತಾಯಿ ಇತ್ತು. ನನಗೆ ಗೊತ್ತಿತ್ತು.

ಆಗ ಅವಳಿಗೆ ಎಂಟು ವರ್ಷ. ಊರಾಚೆಯ ಹುಲ್ಲುಗಾವಲಿನಲ್ಲಿ ಒಂದು ಶಿಬಿರವಿತ್ತು. ಪಟ್ಟಣದವರು ಬಂದು ಚಿಗರಿಗಳಿಗಾಗಿ, ಅವರ ಬಾಯಲ್ಲಿ ಕೃಷ್ಣಮೃಗಗಳಿಗಾಗಿ, ದುಡಿಯುತ್ತಿದ್ದರು — ತಮ್ಮ ಕೈಯಿಂದಲೇ ಹಣ ಕೊಟ್ಟು ದುಡಿಯುವುದು! ನಾವು ನಕ್ಕಿದ್ದೆವು. ಆದರೆ ಅವರು ಬಂದ ಮೇಲೆಯೇ ಬೇಟೆಯ ಉರುಲುಗಳು ನಿಂತವು, ನನಗೂ ಅಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು.

ಒಂದು ವಾರ ಬಂದ ತಂಡದವರಿಗೆ ಹುಲ್ಲು ನುಂಗುವ ಜಾಲಿಯನ್ನೇ ಕಡಿದು ಕಡಿದು ಬೇಸರವಾಯಿತು. ಶಿಬಿರದ ಮೇಲ್ವಿಚಾರಕ ನಗುತ್ತ, "ಇವರು ನಾಳಿಗಿ ಹೊಂಟಾರ. ಹಿಂಗಾದ್ರ ನಿಮ್ಮ ರೊಟ್ಟಿ ತಿನ್ನೋರು ಯಾರ್ರಿ ಆಯಿ?" ಎಂದ. ಅವನದು ಚೇಷ್ಟೆ, ನಾನು ನನ್ನ ಕೆಲಸ ಹೋಯಿತೆಂದೇ ತಿಳಿದೆ.

ಮರುಮುಂಜಾನೆ ಹುಲ್ಲಿನಲ್ಲಿ ಮರಿಯೊಂದು ಮಲಗಿತ್ತು. ಹಡೆದ ಚಿಗರಿ ಮರಿಯನ್ನು ಅಡಗಿಸಿಟ್ಟು ಮೇಯಲು ಹೋಗುತ್ತದೆ, ಹಾಲೂಡಿಸಲು ಮರಳಿ ಬರುತ್ತದೆ — ನಮ್ಮೂರ ಕೂಸಿಗೂ ಗೊತ್ತಿರುವ ಮಾತು. ಗೊತ್ತಿದ್ದೂ ಸೆರಗಿನಲ್ಲಿ ಎತ್ತಿಕೊಂಡು ಬಂದೆ.

"ಇದಕ್ಕ ತಾಯಿಲ್ರಿ," ಎಂದೆ.

ಅವರು ಉಳಿದರು. ಸರದಿ ಹಚ್ಚಿ ಬಾಟಲಿಯಲ್ಲಿ ಹಾಲು ಕುಡಿಸಿದರು, ಫೋಟೊ ತೆಗೆಸಿಕೊಂಡರು, ಹೋಗುವಾಗ ಅತ್ತರು. ಸುಜಾತಾ ಮರಿಯ ಪಕ್ಕವೇ ಬಿಡಲಿಲ್ಲ. ಎರಡು ದಿನ ಒಂದು ಹೆಣ್ಣು ಚಿಗರಿ ಅದೇ ಜಾಗದಲ್ಲಿ ಸುತ್ತಿತು — ಆಗಲಾದರೂ ಇಟ್ಟು ಬರಬಹುದಿತ್ತು...

ಮಂದಿಯ ಕೈ ಹತ್ತಿದ ಮರಿಗೆ ಅಂಜಿಕೆಯೇ ಹೋಯಿತು. ನಾಯಿಗಳು ಬಂದಾಗ ಅದು ಓಡಲಿಲ್ಲ. ಸುಜಾತಾಳಿಗೆ, "ತನ್ನ ಹಿಂಡಿಗಿ ಹೋತವ್ವ," ಎಂದೆ. ಅದು ಎರಡನೆಯ ಸುಳ್ಳು.

ಇಂದು ಮಧ್ಯಾಹ್ನ ಅವಳಿಗೆ ಎಲ್ಲ ಹೇಳಿದೆ. ಅವಳು ಖಾಕಿ ಅಂಗಿಯ ಗುಂಡಿ ಹಾಕುತ್ತ, ಬಿಚ್ಚುತ್ತ ಕುಳಿತಳು.

ಸಂಜೆ ಭಾಲ್ಕಿಯಿಂದ ಮಗಳು, ಅಳಿಯ ಬಂದರು. ಎಲ್ಲರೂ ಸಾಲಾಗಿ ಹೋಳಿಗೆ ಉಣ್ಣಲು ಕುಳಿತೆವು. ಸುಜಾತಾ ನನ್ನ ತಾಟಿಗೆ ತುಪ್ಪ ಹಾಕಿದಳು, ಮುಖ ನೋಡಲಿಲ್ಲ.

"ಏ ಸಾಹೇಬ್ರ, ನಿಮ್ಮಾಯಿ ಮರಿ ಉಳಿಸಿದ್ದು ಇನ್ನೊಮ್ಮೆ ಹೇಳ್ರಲಾ!" ಎಂದ ಅಳಿಯ.

ಸುಜಾತಾ ಆಗ ನನ್ನನ್ನು ನೋಡಿದಳು. ನಾನು ತುತ್ತು ತಾಟಿನಲ್ಲಿಟ್ಟು, "ಆಕಿ ಅಲ್ಲ, ನಾ ಹೇಳ್ತೇನಿ," ಎಂದು ಶುರು ಮಾಡಿದೆ.