ಸುಮಿತ್ರಳನ್ನು ಯಾರೂ ಕೇಳಿರಲಿಲ್ಲ

2022ರಲ್ಲಿ ನಾನು ಆಂಧ್ರದ ಹಿಂದೂಪುರ ಮತ್ತು ಕಲ್ಯಾಣದುರ್ಗದ ಎರಡು ಟ್ರಾನ್ಸಿಷನ್ ಗುಂಪುಗಳ ಸಂಯೋಜಕಿಯಾಗಿದ್ದೆ. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ವಿಶೇಷ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿದವಳು. ಅಲ್ಲಿ ಮಕ್ಕಳಿಗೆ ಹದಿನೆಂಟು ತುಂಬಿದರೆ ರಿಜಿಸ್ಟರಿನಿಂದ ಹೆಸರು ಹೋಗುತ್ತಿತ್ತು. ಆಮೇಲಿನದು ಶಾಲೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹುಡುಗ ಹುಡುಗಿಯರು ಮನೆಯಲ್ಲಿ ಕೂತುಬಿಡುತ್ತಿದ್ದರು. ಕಲಿತಿದ್ದೂ ಒಂದೆರಡು ವರ್ಷದಲ್ಲಿ ಮರೆತುಹೋಗುತ್ತಿತ್ತು. ಹಾಗಾಗದಂತೆ, ಶಾಲೆ ಮುಗಿಸಿದವರನ್ನು ಹತ್ತು ಹನ್ನೆರಡು ಮಂದಿಯ ಗುಂಪು ಮಾಡಿ ದೊಡ್ಡವರ ಬದುಕಿಗೆ ಸಿದ್ಧಪಡಿಸುವುದು ಈ ಕೆಲಸ. ಒಬ್ಬರೇ ಬಸ್ ಹತ್ತುವುದು, ಅನ್ನ ಮಾಡುವುದು, ಫೋನ್ ಮಾಡುವುದು, ತನ್ನ ಮೈಯನ್ನು ತಾನೇ ನೋಡಿಕೊಳ್ಳುವುದು, ಸಾಧ್ಯವಾದರೆ ಒಂದು ಉದ್ಯೋಗ. ವಾರಕ್ಕೆ ನಾಲ್ಕು ದಿನ ಹಿಂದೂಪುರ ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಹಾಲಿನಲ್ಲಿ ಒಂದು ಗುಂಪು. ಶುಕ್ರವಾರ ಎರಡು ಬಸ್ ಬದಲಿಸಿ ಕಲ್ಯಾಣದುರ್ಗಕ್ಕೆ ಹೋದರೆ ಅಲ್ಲಿ ಇನ್ನೊಂದು.

ಹಿಂದೂಪುರದ ಗುಂಪಿನಲ್ಲಿ ಹನ್ನೊಂದು ಜನರಿದ್ದರು. ಅವರಲ್ಲೊಬ್ಬಳು ಹತ್ತೊಂಬತ್ತು ವರ್ಷದ ಸುಮಿತ್ರ. ಲೇಪಾಕ್ಷಿ ಪಕ್ಕದ ಹಳ್ಳಿಯವಳು. ಅವಳಿಗೆ ಬುದ್ಧಿಮಾಂದ್ಯತೆ ಇತ್ತು. ಮಾತು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಲೆಕ್ಕ ಹತ್ತರವರೆಗೆ. ಆದರೆ ಬಟ್ಟೆ ಮಡಚುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹಾಲಿನ ಟೇಬಲ್ ಕ್ಲಾತು, ಬೇರೆಯವರ ಟವೆಲು, ಕೊನೆಗೆ ನಾನು ಕುರ್ಚಿಯ ಮೇಲೆ ಬಿಟ್ಟ ದುಪ್ಪಟ್ಟಾ ಕೂಡ ಅಂಚಿಗೆ ಅಂಚು ಕೂಡಿಸಿ ಮಡಚಿಡುತ್ತಿದ್ದಳು. ತಂದೆ ಲಾರಿ ಡ್ರೈವರ್, ವಾರಗಟ್ಟಲೆ ಊರಲ್ಲಿ ಇರುತ್ತಿರಲಿಲ್ಲ. ತಾಯಿ ರತ್ನಮ್ಮ ಹಿಂದೂಪುರದ ಒಂದು ಗಾರ್ಮೆಂಟ್ಸಿನಲ್ಲಿ ಟೈಲರ್. ತಿಂಗಳಿಗೆ ಐದು ದಿನ ಸುಮಿತ್ರ ಗುಂಪಿಗೆ ಬರುತ್ತಿರಲಿಲ್ಲ. ಆ ಐದು ದಿನ ರತ್ನಮ್ಮನೂ ಕೆಲಸಕ್ಕೆ ಹೋಗುತ್ತಿರಲಿಲ್ಲ.

ಜುಲೈನ ಒಂದು ಸೋಮವಾರ ರತ್ನಮ್ಮ ಒಬ್ಬರೇ ಬಂದು ಬಾಗಿಲಲ್ಲೇ ನಿಂತು ಹೇಳಿದರು. "ದಸರಾ ಆದ್ಮೇಲೆ ಒಂದು ತಿಂಗಳು ಸುಮಿತ್ರ ಬರಲ್ಲ ಮೇಡಂ. ಗರ್ಭಕೋಶ ತೆಗಸ್ತಾ ಇದೀವಿ. ಕಲ್ಯಾಣದುರ್ಗದಲ್ಲಿ ನಮ್ಮಕ್ಕ ಅವ್ಳೆ. ಅಲ್ಲೇ ನರ್ಸಿಂಗ್ ಹೋಮ್ ಮಾತಾಡ್ಬುಟ್ಟವ್ಳೆ."

ಸುಮಿತ್ರಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಮುಟ್ಟು ನಿಲ್ಲಲಿ ಎಂಬುದಷ್ಟೇ ಆ ಆಪರೇಷನ್ನಿನ ಉದ್ದೇಶ. ನಾನು ಆಗ ಮಾಡಿದ್ದು ತಪ್ಪು. ಕುರ್ಚಿ ಕೊಡದೆ, ನೀರು ಬೇಕೇ ಎಂದೂ ಕೇಳದೆ, ಅಂಗವಿಕಲರ ಹಕ್ಕುಗಳ ಕಾನೂನಿನ ಬಗ್ಗೆ ಹತ್ತು ನಿಮಿಷ ಭಾಷಣ ಬಿಗಿದೆ. ರತ್ನಮ್ಮ ಪೂರ್ತಿ ಕೇಳಿಸಿಕೊಂಡರು.

"ಕಾನೂನು ಬಂದು ನನ್ನ ಮಗಳ ಬಟ್ಟೆ ಒಗೀತದಾ ಮೇಡಂ?" ಎಂದು ಹೇಳಿ, ಫ್ಯಾಕ್ಟರಿ ವ್ಯಾನಿಗೆ ಹೊತ್ತಾಯಿತೆಂದು ಹೊರಟುಹೋದರು.

ಎರಡು ದಿನ ಬಿಟ್ಟು ಅವರ ಮನೆಗೆ ಹೋದೆ. ಈ ಸಲ ವಾದ ಮಾಡಲಿಲ್ಲ. ದಸರಾಕ್ಕೆ ಇನ್ನೂ ಎರಡು ತಿಂಗಳಿಗಿಂತ ಹೆಚ್ಚು ಸಮಯವಿದೆ, ಅಲ್ಲಿಯವರೆಗೆ ಮುಟ್ಟಿನ ದಿನಗಳಲ್ಲಿ ತನ್ನನ್ನು ತಾನೇ ನೋಡಿಕೊಳ್ಳುವುದನ್ನು ಅವಳಿಗೆ ಕಲಿಸಲು ಬಿಡಿ, ಕಲಿಯದಿದ್ದರೆ ನಾನು ಮತ್ತೆ ಬಾಯಿ ತೆರೆಯುವುದಿಲ್ಲ ಎಂದು ಕೇಳಿಕೊಂಡೆ. "ಅವ್ಳು ಕಲ್ಯಲ್ಲ ಕಣಮ್ಮ. ಆರು ವರ್ಷದಿಂದ ನೋಡ್ತಾ ಇದೀನಿ. ಅದನ್ನ ಕಂಡ್ರೆ ಕಿರುಚ್ಕತಾಳೆ" ಎಂದರು ರತ್ನಮ್ಮ. ಆದರೂ ಬೇಡ ಎನ್ನಲಿಲ್ಲ.

ನಮ್ಮ ವೃತ್ತಿಯಲ್ಲಿ ಟಾಸ್ಕ್ ಅನಾಲಿಸಿಸ್ ಎಂದೊಂದು ವಿಧಾನವಿದೆ. ನಮಗೆ ಒಂದೇ ಎನ್ನಿಸುವ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಒಂದೊಂದನ್ನೇ ಕಲಿಸುವುದು. ಪ್ಯಾಡ್ ಬದಲಿಸುವುದನ್ನು ಒಂಬತ್ತು ಹೆಜ್ಜೆ ಮಾಡಿದೆ. ಪ್ರತಿ ಹೆಜ್ಜೆಗೂ ಒಂದು ಚಿತ್ರ. ಹುಡುಗಿಯರ ಗುಂಪು ಬೇರೆ ಕೂತು, ಕೆಂಪು ಬಣ್ಣದ ನೀರು ಹಾಕಿದ ಪ್ಯಾಡುಗಳನ್ನು ಹಿಡಿದು ಅಭ್ಯಾಸ ಶುರು ಮಾಡಿದೆವು.

ಮೊದಲ ದಿನ ಆ ಕೆಂಪು ನೀರು ಕಂಡದ್ದೇ ಸುಮಿತ್ರ ಮೂಲೆಗೆ ಹೋಗಿ ಕಿವಿ ಮುಚ್ಚಿಕೊಂಡು ಅಳತೊಡಗಿದಳು. ನಾನು ಎಷ್ಟು ಸಮಾಧಾನ ಹೇಳಿದರೂ ನಿಲ್ಲಿಸಲಿಲ್ಲ. ಆಗ ಗುಂಪಿನ ಇನ್ನೊಬ್ಬ ಹುಡುಗಿ ನಸ್ರೀನ್ ತನ್ನ ಗಾಲಿಕುರ್ಚಿಯನ್ನು ತಳ್ಳಿಕೊಂಡು ಅವಳ ಹತ್ತಿರ ಹೋದಳು. ನಸ್ರೀನಳಿಗೆ ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ಮಾತು ನಿಧಾನ, ಆದರೆ ಆಡಿದ ಮಾತು ಬಲು ಚೂಪು.

"ಯಾಕಮ್ಮೀ ಅಳ್ತೀಯ? ನಂಗೂ ಬತ್ತದೆ. ಇಲ್ಲಿರೋ ಎಲ್ರಿಗೂ ಬತ್ತದೆ. ಮೇಡಂಗೂ ಬತ್ತಿತ್ತು, ಈಗ ವಯಸ್ಸಾಯ್ತು, ನಿಂತೋಯ್ತು."

ಸುಮಿತ್ರ ಕಿವಿಯಿಂದ ಕೈ ತೆಗೆದಳು. "ಅಮ್ಮಂಗೆ?"

"ನಿಮ್ಮಮ್ಮಂಗೂ ಬತ್ತದೆ."

ಅವಳು ನಸ್ರೀನಳ ಹತ್ತಿರಕ್ಕೆ ಸರಿದಳು. ಆಮೇಲೆ, "ನಂಗೊಬ್ಳಿಗೇ ಗಾಯ ಆಗ್ತದೆ ಅಂದ್ಕಂಡಿದ್ದೆ" ಎಂದಳು.

ಆರು ವರ್ಷ, ಪ್ರತಿ ತಿಂಗಳೂ, ತನಗೊಬ್ಬಳಿಗೇ ಎಲ್ಲೋ ಗಾಯವಾಗಿ ರಕ್ತ ಬರುತ್ತಿದೆ ಎಂದು ಅವಳು ಹೆದರಿಕೊಂಡು ಬದುಕಿದ್ದಳು. ಅಷ್ಟು ವರ್ಷ ಪಾಠ ಹೇಳಿದ ನನಗೂ ಅವಳನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಮರುದಿನದಿಂದ ಕಲಿಕೆ ಸರಾಗವಾಯಿತು. ಆಗಸ್ಟಿನಲ್ಲಿ ಮುಟ್ಟು ಬಂದಾಗ ಮೂರು ಹೆಜ್ಜೆ ಮರೆತಳು. ಸೆಪ್ಟೆಂಬರಿನಲ್ಲಿ ಮನೆಯಲ್ಲಿ ಎಲ್ಲವನ್ನೂ ತಾನೇ ಮಾಡಿಕೊಂಡು, ಮೂರನೆಯ ದಿನವೇ ಬಸ್ಸಿನಲ್ಲಿ ಗುಂಪಿಗೆ ಬಂದಳು. ಕ್ಯಾಲೆಂಡರಿನಲ್ಲಿ ಆ ತಾರೀಕುಗಳ ಮೇಲೆ ಕೆಂಪು ಬಿಂದಿ ಅಂಟಿಸುವುದನ್ನೂ ನಸ್ರೀನಳೇ ಅವಳಿಗೆ ಹೇಳಿಕೊಟ್ಟಿದ್ದಳು.

ನಾನು ಗೆದ್ದೆ ಎಂದುಕೊಂಡು ರತ್ನಮ್ಮನಿಗೆ ಫೋನ್ ಮಾಡಿದೆ. ಅವರು, "ಕಲಿತವ್ಳೆ, ನಿಜ. ಬರೋ ಶುಕ್ರವಾರ ಡಾಕ್ಟ್ರ ಹತ್ರ ಟೆಸ್ಟಿಗೆ ಕರ್ಕಂಡ್ ಹೋಯ್ತೀನಿ" ಎಂದರು. ಆಪರೇಷನ್ನಿನ ತೀರ್ಮಾನ ಹಾಗೇ ಇತ್ತು.

ಆ ಸಂಜೆ ಗಾರ್ಮೆಂಟ್ಸಿನ ಗೇಟಿನ ಹತ್ತಿರ ಅವರಿಗಾಗಿ ಕಾದೆ. ಇಬ್ಬರೂ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ನಿಮಗೆ ಇನ್ನೂ ಏನು ಕಷ್ಟ ಉಳಿದಿದೆ ಎಂದಷ್ಟೇ ಕೇಳಿದೆ. ರತ್ನಮ್ಮ ಟೀ ಲೋಟ ಕೆಳಗಿಟ್ಟರು.

"ಬಟ್ಟೆ ವಿಷ್ಯ ಅಲ್ಲ ಮೇಡಂ" ಎಂದರು. "ನಾನು ಇಲ್ಲಿ ಮಿಷನ್ ಮುಂದೆ ಕೂತಿರ್ತೀನಿ. ಅವ್ಳು ಮನೇಲಿ ಒಬ್ಳೇ ಇರೋ ದಿನ ಯಾರಾದ್ರೂ ಬಂದು ಏನಾದ್ರೂ ಮಾಡ್ಬುಟ್ರೆ? ಬಸುರಿ ಆಗ್ಬುಟ್ರೆ? ಅವ್ಳಿಗೆ ಹೇಳೋಕೂ ಬರಲ್ಲ."

ಶುಕ್ರವಾರ ನಾನೂ ಕಲ್ಯಾಣದುರ್ಗಕ್ಕೆ ಹೋಗುವವಳೇ. ಜೊತೆಗೆ ಬನ್ನಿ, ಡಾಕ್ಟರರ ಹತ್ತಿರ ಹೋಗುವ ಮೊದಲು ಅಲ್ಲಿನ ಗುಂಪಿನ ಒಬ್ಬ ತಾಯಿಯ ಜೊತೆ ಮಾತಾಡಿ ಎಂದೆ.

ಆ ತಾಯಿಯ ಹೆಸರು ಈರಮ್ಮ. ಅವರ ಮಗಳಿಗೆ ಇಪ್ಪತ್ತನಾಲ್ಕು ವರ್ಷ. ಎರಡು ವರ್ಷದ ಹಿಂದೆ ಅವಳಿಗೆ ಇದೇ ಆಪರೇಷನ್ ಮಾಡಿಸಿದ್ದರು. ನಾನು ಇಬ್ಬರನ್ನೂ ಪರಿಚಯ ಮಾಡಿಸಿ ಪಕ್ಕಕ್ಕೆ ಸರಿದೆ. ರತ್ನಮ್ಮ ನೇರವಾಗಿ ಕೇಳಿದರು. "ಮಾಡ್ಸಿದ್ಮೇಲೆ ಭಯ ಹೋಯ್ತಾ ಅಕ್ಕಾ?"

"ಭಯಂ ಎಕ್ಕಡಿಕೀ ಪೋಲೇದಮ್ಮಾ" ಎಂದರು ಈರಮ್ಮ ತೆಲುಗಿನಲ್ಲಿ. ಭಯ ಎಲ್ಲಿಗೂ ಹೋಗಿಲ್ಲ ಎಂದು. ಆಮೇಲೆ ರತ್ನಮ್ಮನಿಗಾಗಿ ಕನ್ನಡಕ್ಕೆ ತಿರುಗಿದರು. "ಇನ್ನೂ ಜಾಸ್ತಿ ಆಯ್ತು. ಕೆಟ್ಟವನು ಬರೋದನ್ನ ಆಪರೇಷನ್ ತಡೀತದಾ? ಮುಂಚೆ ತಿಂಗಳು ತಪ್ಪಿದ್ರಾದ್ರೂ ನಂಗೆ ಗೊತ್ತಾಗ್ತಿತ್ತು. ಈಗ ಯಾರಾನ ಏನಾನ ಮಾಡಿದ್ರೂ ಗೊತ್ತೇ ಆಗಲ್ಲ. ನಾನು ಮಾಡ್ಸಿದ್ದಕ್ಕೆ ಆಗಿದ್ದು ಅಷ್ಟೇ."

ರತ್ನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು. ಆಮೇಲೆ ಎದ್ದು ಸುಮಿತ್ರಳನ್ನು ಕರೆದುಕೊಂಡರು, ಮೂವರೂ ನರ್ಸಿಂಗ್ ಹೋಮಿಗೆ ಹೋದೆವು. ಅವರು ಏನು ತೀರ್ಮಾನ ಮಾಡುತ್ತಾರೋ ನನಗೆ ಗೊತ್ತಿರಲಿಲ್ಲ.

ಡಾಕ್ಟರ್ ನಡುವಯಸ್ಸಿನ ಹೆಂಗಸು. ಫೈಲ್ ನೋಡಿ, ಕೊನೆಯ ಸಲ ಯಾವಾಗ ಬಂದಿತ್ತು ಎಂದು ರತ್ನಮ್ಮನನ್ನು ಕೇಳಿದರು. ರತ್ನಮ್ಮ ಬಾಯಿ ತೆರೆಯುವಷ್ಟರಲ್ಲಿ ಸುಮಿತ್ರ ಬ್ಯಾಗಿನಿಂದ ಪುಟ್ಟ ಕ್ಯಾಲೆಂಡರ್ ತೆಗೆದು ಮೇಜಿನ ಮೇಲಿಟ್ಟು, ಬಿಂದಿಗಳ ಮೇಲೆ ಬೆರಳಿಟ್ಟಳು. ಡಾಕ್ಟರ್ ಕನ್ನಡಕ ಸರಿಮಾಡಿಕೊಂಡು ಅವಳ ಕಡೆ ತಿರುಗಿದರು.

"ಯಾರು ಅಂಟಿಸಿದ್ದು ಇದನ್ನ?"

"ನಾನೇ."

"ಇವತ್ತು ಇಲ್ಲಿಗೆ ಯಾಕೆ ಬಂದಿದೀಯ, ಗೊತ್ತಾ?"

ಸುಮಿತ್ರ ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. ಗೊತ್ತಿರಲಿಲ್ಲ. ನಾವಿಬ್ಬರೂ ಎರಡು ತಿಂಗಳು ಅವಳ ಹೊಟ್ಟೆಯ ಬಗ್ಗೆ ಜಗಳವಾಡಿದ್ದೆವು, ಅವಳಿಗೆ ಒಂದು ಮಾತು ಹೇಳಿರಲಿಲ್ಲ. ಡಾಕ್ಟರ್ ಹಾಳೆಯ ಮೇಲೆ ಚಿತ್ರ ಬರೆದು, ಹೊಟ್ಟೆ ಕುಯ್ಯಬೇಕಾಗುತ್ತದೆ, ಇದನ್ನು ತೆಗೆಯುತ್ತಾರೆ, ಆಮೇಲೆ ತಿಂಗಳು ತಿಂಗಳು ಬರುವುದಿಲ್ಲ ಎಂದು ನಿಧಾನವಾಗಿ ವಿವರಿಸಿದರು.

"ಅಮ್ಮಂಗೂ ತೆಗೀತೀರಾ?" ಸುಮಿತ್ರ ಕೇಳಿದಳು.

"ಇಲ್ಲ."

"ನಸ್ರೀನಂಗೆ?"

ನಸ್ರೀನ್ ಯಾರೆಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಆದರೂ "ಇಲ್ಲ" ಎಂದರು.

"ಹಂಗಾರೆ ನಂಗೂ ಬ್ಯಾಡ."

ಡಾಕ್ಟರ್ ಪೆನ್ನಿನ ಕ್ಯಾಪ್ ಹಾಕಿದರು. ಆರೋಗ್ಯವಾಗಿರುವ ಗರ್ಭಕೋಶವನ್ನು, ಅದೂ ಅವಳೇ ಬೇಡ ಎಂದ ಮೇಲೆ, ತಾನು ತೆಗೆಯುವುದಿಲ್ಲ ಎಂದರು. ರತ್ನಮ್ಮ ಜಗಳವಾಡಬಹುದು, ಇನ್ನೊಂದು ಆಸ್ಪತ್ರೆ ಹುಡುಕಬಹುದು ಎಂದು ನಾನು ಹೆದರಿದ್ದೆ. ಅವರು ಫೈಲನ್ನು ಬ್ಯಾಗಿಗೆ ಹಾಕಿ, "ಆಯ್ತು, ಬಾ" ಎಂದು ಮಗಳ ಕೈ ಹಿಡಿದು ಎದ್ದರು. ಹೊರಗೆ ವರಾಂಡದಲ್ಲಿ ಅವರ ಅಕ್ಕನ ಫೋನ್ ಬಂತು.

"ಬ್ಯಾಡ ಅಂದ್ಬುಟ್ಳು ಅಕ್ಕಾ" ಎಂದರು ರತ್ನಮ್ಮ. ಆ ಕಡೆಯಿಂದ ಏನೋ ಕೇಳಿಸಿತು. "ಡಾಕ್ಟ್ರಲ್ಲ. ಸುಮಿತ್ರ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ರತ್ನಮ್ಮ ಮಗಳ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದರು. ನಾನು ಏನೋ ಹೇಳಲು ಹೋದರೆ ಸುಮಿತ್ರ ತುಟಿಯ ಮೇಲೆ ಬೆರಳಿಟ್ಟು, "ಅಮ್ಮ ಮಲಗವ್ಳೆ, ಮಾತಾಡ್ಬ್ಯಾಡಿ" ಎಂದಳು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ತಾಯಿಯ ಭಯ ಸುಳ್ಳಲ್ಲವಲ್ಲ. ಮುಂದಿನ ಆರು ತಿಂಗಳು ಎರಡೂ ಊರಿನ ಗುಂಪುಗಳಲ್ಲಿ ನಾವು ಅದನ್ನೇ ಕಲಿಸಿದೆವು: ಯಾರು ಮುಟ್ಟಬಹುದು, ಎಲ್ಲಿ ಮುಟ್ಟಬಾರದು, ಬೇಡ ಎನ್ನುವುದನ್ನು ಎಷ್ಟು ಜೋರಾಗಿ ಹೇಳಬೇಕು, ಹೇಳಿದ ಮೇಲೆ ಯಾವ ಮೂವರಿಗೆ ತಿಳಿಸಬೇಕು. ಹುಡುಗರಿಗೂ ಕಲಿಸಿದೆವು. ಈರಮ್ಮನ ಮಗಳೂ ಕಲಿತಳು. ಸುಮಿತ್ರ ಮನೆಯಲ್ಲಿ ಒಬ್ಬಳೇ ಇರುವ ದಿನಗಳಲ್ಲಿ ಊರಿನ ಸ್ವಸಹಾಯ ಸಂಘದ ಹೆಂಗಸರು ಬಟ್ಟೆಚೀಲ ಹೊಲಿಯುವ ಕಡೆ ಅವಳಿಗೆ ಮಡಚುವ ಕೆಲಸ ಸಿಕ್ಕಿತು. ಮರುವರ್ಷ ಬಸ್ಸಿನಲ್ಲಿ ಒಬ್ಬ ಅವಳ ತೊಡೆಯ ಮೇಲೆ ಕೈಯಿಟ್ಟನಂತೆ. ಇಡೀ ಬಸ್ಸಿಗೆ ಕೇಳುವ ಹಾಗೆ "ಮುಟ್ಬ್ಯಾಡ" ಎಂದಳಂತೆ. ಕಂಡಕ್ಟರ್ ಅವನನ್ನು ಅಲ್ಲೇ ಇಳಿಸಿದ. ಅವಳು ಮನೆಗೆ ಹೋಗಿ ತಾಯಿಗೆ, ಪಕ್ಕದ ಮನೆಯ ಅಜ್ಜಿಗೆ, ಆಮೇಲೆ ಫೋನ್ ಮಾಡಿ ನನಗೆ, ಹೀಗೆ ಮೂವರಿಗೂ ಹೇಳಿದಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ತಾಯಿ ಏನನ್ನು ಬೇಡುತ್ತಿದ್ದಾಳೆ ಎಂಬುದಷ್ಟೇ ಸಾಲದು, ಯಾವುದಕ್ಕೆ ಹೆದರಿದ್ದಾಳೆ ಎಂಬುದನ್ನು ತಿಳಿಯದೆ ಉತ್ತರ ಕೊಡಬಾರದು. ಮಾತು ಯಾರ ಮೈಯ ಬಗ್ಗೆ ನಡೆಯುತ್ತಿದೆಯೋ ಅವರು ಅದೇ ಕೋಣೆಯಲ್ಲಿ ಇರಬೇಕು. ಅವರು ಉತ್ತರಿಸಲು ಎಷ್ಟು ಹೊತ್ತು ತೆಗೆದುಕೊಂಡರೂ ಕಾಯಬೇಕು.

ಬಸ್ಸಿನಲ್ಲಿ ನಡೆದದ್ದನ್ನು ಹೇಳಲು ಸುಮಿತ್ರ ಫೋನ್ ಮಾಡಿದ ದಿನ ಕೊನೆಗೆ ರತ್ನಮ್ಮ ಫೋನ್ ಇಸ್ಕೊಂಡರು. ಈಗ ಹೇಗಿದ್ದೀರಿ ಎಂದು ಕೇಳಿದೆ.

"ಭಯ ಇನ್ನೂ ಅದೆ ಮೇಡಂ" ಎಂದರು. "ಆದ್ರೆ ಇಷ್ಟ್ ದಿನ ನಾನೊಬ್ಳೇ ಹೊರ್ತಿದ್ದೆ. ಈಗ ಅವ್ಳೂ ಒಂದ್ ಕೈ ಹಿಡ್ದವ್ಳೆ."