ಅಜ್ಜಂಪುರದ ಅಂಗಳದಲ್ಲಿ ಗರಿಕೆ ನೆಟ್ಟದ್ದು

ಅಜ್ಜಂಪುರಕ್ಕೆ ಬಂದ ಮರುದಿನ ಬೆಳಿಗ್ಗೆ ಮಗಳನ್ನು ಅಂಗಳಕ್ಕೆ ಇಳಿಸಿದೆ. ಅವಳು ಕಾಲೂರಿದವಳೇ ಚೀರಿದಳು. ಎತ್ತಿ ನೋಡಿದರೆ ಅಂಗಾಲಿನ ತುಂಬ ಕಡಲೆಯಷ್ಟು ದಪ್ಪದ ಮುಳ್ಳುಕಾಯಿಗಳು. ಇಲ್ಲಿ ಅದಕ್ಕೆ ನೆಗ್ಗಿಲು ಎನ್ನುತ್ತಾರೆ.

“ಅಮ್ಮಾ, ನಾ ಇನ್ನ್ ಇಳಿತಿಲ್ಲೆ,” ಎಂದು ಗಿರಿಜೆ ನನ್ನ ಕುತ್ತಿಗೆಗೆ ಜೋತುಬಿದ್ದಳು.

ಘಟ್ಟದ ಕೆಳಗಿರುವ ನಿಮಗೆ ಈ ಅಂಗಳವನ್ನು ಹೇಗೆ ಹೇಳಲಿ? ಕುಂದಾಪುರದ ನಮ್ಮ ಮನೆಯ ಮುಂದೆ ಮಳೆಗಾಲದಲ್ಲಿ ಕಾಲಿಟ್ಟರೆ ಪಾಚಿ, ಎತ್ತಿದರೆ ಹುಲ್ಲು. ಇಲ್ಲಿ ಮರಳು. ಗುಡಿಸಿದ ಪೊರಕೆಯ ಗೀಟು ಸಂಜೆಯವರೆಗೂ ಹಾಗೆಯೇ ಇರುತ್ತದೆ.

ಗಿರಿಜೆಗೆ ಐದು ವರ್ಷ. ಹಿಂದಿನ ಮಳೆಗಾಲದ ಜ್ವರ ಅವಳ ಬಲಗಾಲಿನ ಬಲವನ್ನು ಕೊಂಡೊಯ್ದಿತ್ತು. ನನ್ನ ಯಜಮಾನರು ಇಲ್ಲಿನ ಆಸ್ಪತ್ರೆಗೆ ಕಾಂಪೌಂಡರಾಗಿ ಬಂದವರು. ಅಲ್ಲಿನ ಡಾಕ್ಟರು ಕಾಲನ್ನು ಒತ್ತಿ ನೋಡಿ, “ದಿನಾ ಬರಿಗಾಲಲ್ಲಿ ಮೆತ್ತನೆಯ ನೆಲದ ಮೇಲೆ ನಡೆಸಿ. ಈ ವರ್ಷ ಕೂತುಬಿಟ್ಟರೆ ಮುಂದೆ ಏಳುವುದು ಕಷ್ಟ,” ಎಂದರು. ಮೆತ್ತನೆಯ ನೆಲವನ್ನು ನಾನು ಊರಲ್ಲೇ ಬಿಟ್ಟು ಬಂದಿದ್ದೆ.

ಕೆರೆಯ ಅಂಚಿನಿಂದ ಗರಿಕೆ ಕಿತ್ತು ತಂದು ನೆಟ್ಟೆ. ಪಾತ್ರೆ ತೊಳೆದ ನೀರು, ಸ್ನಾನದ ನೀರು, ಎಲ್ಲವನ್ನೂ ಅದಕ್ಕೇ ಹೊಯ್ದೆ. ಹೊಯ್ದ ನೀರು ಕಣ್ಣೆದುರಿಗೇ ಇಂಗಿ, ಕ್ಷಣದಲ್ಲಿ ಮರಳು ಮತ್ತೆ ಬೆಳ್ಳಗಾಗುತ್ತಿತ್ತು. ಆದರೂ ತಿಂಗಳು ಕಳೆಯುವಾಗ ಒಂದು ಚಾಪೆಯಗಲ ಹಸಿರು ಕಂಡಿತು.

ಆ ಮೇಲೆ ಒಂದು ದಿನ ತರೀಕೆರೆಗೆ ಹೋಗಿ ಸಂಜೆ ಬಂದರೆ, ಅಂಗಳ ಬೋಳಾಗಿತ್ತು. ಪಕ್ಕದ ಮನೆಯ ರಂಗಮ್ಮ ಗುದ್ದಲಿ ಊರಿಕೊಂಡು ನಿಂತಿದ್ದರು. ಊರಾಚೆ ಹೊಲ, ತೆಂಗಿನ ತೋಟ ಇರುವ ಮನೆಯ ಯಜಮಾನಿ. ಜೊತೆಗೆ ಸೊಸೆ ಗೌರಿ.

“ನೋಡವ್ವಾ, ಒಂದ್ ಬೇರೂ ಉಳಿಸಿಲ್ಲ! ಕಾಲಿಲ್ಲದ್ ಕೂಸು ಕಟ್ಕಂಡು ನೀನೊಬ್ಳೇ ಎಷ್ಟಂತ ಕೀಳ್ತೀಯಾ ಅಂತ ನಾವೇ ಬಂದ್ವಿ.”

ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

“ಅದನ್ನು ನಾನೇ ನೆಟ್ಟಿದ್ದೆ, ರಂಗಮ್ಮ.”

“ನೆಟ್ಟಿದ್ಯಾ? ಗರಿಕೇನಾ? ಲೇ ಗೌರೀ, ಕೇಳಿದೇನೇ? ನಮ್ಮಪ್ಪ ಸಾಯೋಗಂಟ ಹೊಲದಾಗೆ ಗರಿಕೆ ಅಗದ. ಈಯಮ್ಮ ನೆಟ್ಟವ್ಳಂತೆ!”

ಗೌರಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನ್ನ ತೊಡೆಯ ಮೇಲಿದ್ದ ಗಿರಿಜೆ ಮೆಲ್ಲಗೆ, “ಅದ್ ನಂಗೆ ನಡೂಕೆ ನೆಟ್ಟದ್ದ್,” ಎಂದಳು. ನಗು ನಿಂತಿತು. ರಂಗಮ್ಮ ಅವಳ ಕಾಲನ್ನು ಒಮ್ಮೆ ಮುಟ್ಟಿ ನೋಡಿದರು. ಹೋಗುವಾಗ ಕಿತ್ತ ಬೇರಿನ ರಾಶಿಯ ಮೇಲೆ ಒಂದು ಕೊಡ ನೀರು ಸುರಿದರು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಎತ್ತಿನ ಗಾಡಿ. ಗಾಡಿಯ ಬುಡೇನ್ ಸಾಬರು ಕೂಗಿದರು: “ಎಲ್ಲಿ ಸುರೀಲಿ ಅಕ್ಕಾ? ಬುಕ್ಕಾಂಬುಧಿ ಕೆರೆ ಗೋಡು. ಅವ್ರ ಹೊಲಕ್ಕೆ ಹೊಡೀತಿದ್ನಾ, ಒಂದ್ ಗಾಡಿ ಇತ್ಲಾಗ್ ತಿರುಗ್ಸು ಅಂದ್ರು ರಂಗವ್ವ.”

ಗೋಡೆಂದರೆ ಕೆರೆಯ ತಳದ ಕಪ್ಪು ಹೂಳು. ಬೇಸಿಗೆಯಲ್ಲಿ ಕೆರೆ ಇಳಿದಾಗ ಊರಿಗೆ ಊರೇ ಅದನ್ನು ಅಗೆದು ಹೊಲಗಳಿಗೆ ಸಾಗಿಸುತ್ತದೆ. ಮಳೆ ಕೊಚ್ಚಿ ಒಯ್ದ ಮಣ್ಣನ್ನು ವರ್ಷವರ್ಷವೂ ಹಿಂದಕ್ಕೆ ತರುವ ಇಂಥ ಜನರನ್ನು ನಾನು ಕಂಡಿರಲಿಲ್ಲ. ನಮ್ಮಲ್ಲಿ ಮಣ್ಣು ಹೊಳೆಗೆ, ಹೊಳೆ ಸಮುದ್ರಕ್ಕೆ. ಹೋದದ್ದನ್ನು ಯಾರೂ ಕೇಳುವುದಿಲ್ಲ.

ರಂಗಮ್ಮ, ಗೌರಿ, ನಾನು ಹೆಂಟೆ ಒಡೆದು, ಹಳೆಯ ಸಗಣಿ ಗೊಬ್ಬರ ಸೇರಿಸಿ, ಗೇಣುದ್ದ ಆಳಕ್ಕೆ ಮರಳಿನೊಂದಿಗೆ ಬೆರೆಸಿದೆವು. ಕಿತ್ತ ಬೇರುಗಳನ್ನೇ ಗಂಟುಗಂಟಾಗಿ ತುಂಡರಿಸಿ, ಸಾಲಾಗಿ ಹೂತು ತುಳಿದೆವು. ತುಂಡು ಮಾಡಿದಷ್ಟೂ ಗರಿಕೆ ಹಬ್ಬುತ್ತದೆಂದು ಹೊಲದವರಿಗೆ ಶಾಪದಂತೆ ಗೊತ್ತು. ಆ ಶಾಪವೇ ನಮಗೆ ನೆರವಾಗಿ ಒದಗಿತು.

“ಗರಿಕೆ ನೆಟ್ಟೆ ಅಂತ ನನ್ ಗಂಡನ್ ಮುಂದೆ ಬಾಯ್ ಬಿಟ್ಟೀಯಾ, ನನ್ನೇ ಮನೆ ಬಿಟ್ಟು ಓಡಿಸ್ತಾನೆ ಕಣವ್ವಾ,” ಎನ್ನುತ್ತ ರಂಗಮ್ಮ ತುಳಿಯುತ್ತಲೇ ಇದ್ದರು.

ಈಗ ನೀರು ಒಮ್ಮೆಲೇ ಇಂಗಲಿಲ್ಲ. ಬೆಳಗಿನ ಜಾವ ಹೊಯ್ದ ನೀರಿನ ತೇವ ಮಧ್ಯಾಹ್ನವೂ ಬೆರಳಿಗೆ ತಗಲುತ್ತಿತ್ತು. ಬಾವಿಯಲ್ಲಿ ಒಂದು ಕೊಡ ನೀರಿಗಾಗಿ ಜಗಳವಾಡುವ ಹೆಂಗಸರೇ ಹಾದುಹೋಗುವಾಗ ಒಂದೊಂದು ಚೊಂಬು ಚಿಮುಕಿಸಿ ಹೋದರು. ನೆಗ್ಗಿಲು ಕಂಡರೆ ಹೂ ಬಿಡುವ ಮುಂಚೆಯೇ ಕಿತ್ತರು. ಮುಂಗಾರಿನ ಮೊದಲ ಹನಿಗಳು ಬಿದ್ದಾಗ ಸಾಲುಗಳು ಒಂದನ್ನೊಂದು ಮುಟ್ಟಿದ್ದವು.

ಗಿರಿಜೆಯನ್ನು ಇಳಿಸಿದೆ. ಅವಳು ಹಿಡಿದ ನನ್ನ ಸೆರಗನ್ನು ಬಿಡಲಿಲ್ಲ. ಒಂದು ಕಾಲೂರಿದಳು, ಅಂಗಾಲನ್ನು ತಿರುಗಿಸಿ ನೋಡಿಕೊಂಡಳು. ಮುಳ್ಳಿರಲಿಲ್ಲ. ಆಚೆ ತುದಿಯಿಂದ ರಂಗಮ್ಮ, “ಬಾ ಮಗಾ. ಬಿದ್ರೆ ಬೀಳು, ಕೆಳಗೆ ಗರಿಕೆ ಐತೆ,” ಎಂದರು. ಸೆರಗು ಬಿಟ್ಟಳು. ಬಿದ್ದಳು. ಬಿದ್ದವಳು ನಕ್ಕಳು. ದೀಪಾವಳಿಯ ಹೊತ್ತಿಗೆ, ಕುಂಟುತ್ತ, ಯಾರ ಕೈಯನ್ನೂ ಹಿಡಿಯದೆ ಆ ಅಂಗಳವನ್ನು ದಾಟಿದಳು.

ಈ ಸಲದ ಮಳೆಗಾಲಕ್ಕೆ ಕುಂದಾಪುರಕ್ಕೆ ಬಂದಿದ್ದೆ. ಅಂಗಳದ ತುಂಬ ಯಾರೂ ನೆಡದ ಹುಲ್ಲು. “ಸ್ವಲ್ಪ ಕಿತ್ತ್ ಹಾಕ್ ಮಗಾ,” ಎಂದರು ಅಮ್ಮ. ಚಿಕ್ಕಂದಿನಿಂದ ಮಾಡಿದ ಕೆಲಸ. ಕುಕ್ಕರಗಾಲಲ್ಲಿ ಕುಳಿತು ಒಂದು ಹಿಡಿ ಹಿಡಿದೆ. ಕೈ ಮುಂದೆ ಹೋಗಲಿಲ್ಲ. ಜಗಲಿಯಿಂದ ಗಿರಿಜೆ ಕುಂಟುತ್ತ ಓಡಿಬಂದಳು.

“ಕೀಳ್ಬ್ಯಾಡ ಕಣಮ್ಮಾ!”

ಅಮ್ಮ ಬೆರಗಾಗಿ ನನ್ನನ್ನು ನೋಡಿದರು. “ಇದ್ ಯಾವ್ ಊರಿನ್ ಮಾತೆ?”

“ನಮ್ಮೂರಿಂದ್,” ಎಂದೆ, ಹುಟ್ಟಿದ ಮನೆಯ ಅಂಗಳದಲ್ಲಿ ಕುಳಿತುಕೊಂಡೇ.