ಹೊಲಿಯದೆ ಬಿಡಬೇಕಿದ್ದ ನಾಲ್ಕು ಬೆರಳು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಪ್ರತಿವರ್ಷ ಮೈಲಾರದ ಜಾತ್ರೆಗೆ ಹೋಗಿ ಕಾರಣಿಕದ ಭವಿಷ್ಯವಾಣಿ ಕೇಳಿಕೊಂಡು ಬರುವ ನಮ್ಮ ಮನೆಯವರನ್ನೇ ಕಾಡಿಸದೆ ಬಿಟ್ಟವನಲ್ಲ ನಾನು. ಬೆಂಗಳೂರಿನಲ್ಲಿ ಉಪಗ್ರಹ ಕಟ್ಟುವ ಕೆಲಸಕ್ಕೆ ಸೇರಿದ ಮೇಲಂತೂ ನನ್ನ ಕೊಬ್ಬು ಇನ್ನೂ ಹೆಚ್ಚಿತ್ತು. ಈಗ ಹೇಳುವುದನ್ನು ನೀವು ನಂಬಲೇಬೇಕೆಂದೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಂಬತ್ತರ ದಶಕದ ಮಾತು. ನಮ್ಮದು ಕೊಟ್ಟೂರಿನ ಹತ್ತಿರದ ಹಳ್ಳಿ, ಕುರಿ ಸಾಕಿ ಕಂಬಳಿ ನೇಯುವ ಮನೆತನ. ಅಪ್ಪ ನೇಯ್ದ ಎರಡೆರಡು ಪಟ್ಟಿಗಳನ್ನು ಕೂಡಿಸಿ ಹೊಲಿಯುತ್ತಲೇ ನಾನು ಸೂಜಿ ಹಿಡಿಯಲು ಕಲಿತದ್ದು. ಐಟಿಐ ಮುಗಿಸಿ ಕೆಲಸಕ್ಕೆ ಸೇರಿದಾಗ ನನ್ನ ಕೈಹೊಲಿಗೆ ಕಂಡ ಸಾಹೇಬರು ಹೊದಿಕೆಯ ಕೆಲಸಕ್ಕೆ ಹಾಕಿದರು. ಹೌದು, ಉಪಗ್ರಹಕ್ಕೂ ಹೊದಿಕೆ ಬೇಕು. ಮೇಲೆ ಬಿಸಿಲು ಬಿದ್ದ ಮಗ್ಗುಲು ಕಾದ ಹಂಚಾಗಿದ್ದರೆ ನೆರಳಿನ ಮಗ್ಗುಲು ಮಂಜುಗಡ್ಡೆಗಿಂತ ತಣ್ಣಗಿರುತ್ತದೆ. ಒಳಗಿನ ಯಂತ್ರಗಳು ಎರಡನ್ನೂ ತಾಳುವುದಿಲ್ಲ. ಅದಕ್ಕೇ ಲೋಹ ಬಳಿದ ತೆಳು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಒಂದಕ್ಕೊಂದು ತಾಗದಂತೆ ನಡುವೆ ಬಲೆಬಟ್ಟೆ ಹಾಸಿ, ಅಂಚು ಹೊಲಿದು ಸುತ್ತುತ್ತಿದ್ದೆವು.

ಅದರಲ್ಲೊಂದು ನಿಯಮವಿತ್ತು. ಪ್ರತಿ ಹೊದಿಕೆಯ ಒಂದು ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಜಾಗವನ್ನು ಹೊಲಿಯದೆ ಬಿಡಬೇಕು. ರಾಕೆಟ್ ಮೇಲೇರುವಾಗ ಸುತ್ತಲಿನ ಗಾಳಿ ನಿಮಿಷಗಳಲ್ಲಿ ಇಲ್ಲವಾಗುತ್ತದೆ. ಪದರಗಳ ನಡುವೆ ಉಳಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಹೊದಿಕೆ ಪೂರಿಯಂತೆ ಉಬ್ಬಿ ಹರಿದುಹೋಗುತ್ತದೆ. ಹರಿದರೆ ಮುಗಿಯಿತು, ಎಷ್ಟೋ ಜನ ವರ್ಷಗಟ್ಟಲೆ ದುಡಿದದ್ದು ಅಲ್ಲಿಗೆ ಸತ್ತಂತೆ. ನಮ್ಮ ಮನೆಯ ನಿಯಮ ಇದಕ್ಕೆ ತದ್ವಿರುದ್ಧ. ಹೊಲಿಗೆ ಬಾಯಿಬಿಟ್ಟ ಕಂಬಳಿಯನ್ನು ಅಪ್ಪ ಸಂತೆಗೆ ಒಯ್ಯುತ್ತಿರಲಿಲ್ಲ. ತುದಿಯವರೆಗೂ ಹೊಲಿಯದಿದ್ದರೆ ನನ್ನ ಕೈಮೇಲೆ ಏಟು ಬೀಳುತ್ತಿತ್ತು.

ಆ ಬೇಸಿಗೆಯಲ್ಲಿ ನಮ್ಮ ಉಪಗ್ರಹವನ್ನು ಉಡಾವಣೆಗೆ ಕಳಿಸಲು ನಾಲ್ಕೇ ದಿನ ಉಳಿದಿರುವಾಗ ಊರಿನಿಂದ ತಂತಿ ಬಂತು. ಅಪ್ಪನಿಗೆ ಕಾಯಿಲೆ ಹೆಚ್ಚಾಗಿತ್ತು. ಕೊನೆಯ ಹೊದಿಕೆಯನ್ನು ಅವಸರದಲ್ಲಿ ಮುಗಿಸಿ ಬಸ್ಸು ಹತ್ತಿದೆ. ಅಪ್ಪನಿಗೆ ಲಕ್ವ ಹೊಡೆದು ವರ್ಷವಾಗಿತ್ತು. ಬಲಗೈ ಆಡುತ್ತಿರಲಿಲ್ಲ, ಮಾತು ನಿಂತೇ ಆರು ತಿಂಗಳು. ಅಕ್ಕ ನೋಡಿಕೊಳ್ಳುತ್ತಿದ್ದಳು.

ಮರುದಿನ ಮಧ್ಯಾಹ್ನ, ಹೊರಗೆ ಕಾಲಿಡಲಾಗದ ಬಿಸಿಲು. ಅಪ್ಪ ಮಾತ್ರ ತಾನೇ ನೇಯ್ದ ಕಂಬಳಿ ಹೊದ್ದು ನಡುಗುತ್ತಿದ್ದ. ಮುಟ್ಟಿ ನೋಡಿದೆ. ಒಂದು ಮಗ್ಗುಲು ಸುಡುತ್ತಿತ್ತು, ಇನ್ನೊಂದು ಮಗ್ಗುಲು ತಣ್ಣಗೆ ಕೊರೆಯುತ್ತಿತ್ತು. ಲಕ್ವದಲ್ಲಿ ಹೀಗೂ ಆಗುತ್ತದೇನೋ ಎಂದುಕೊಂಡೆ. ಆಗ ಅವನು ಕಣ್ಣು ತೆರೆದು, ಒಂದಿಷ್ಟೂ ತೊದಲದೆ ಮಾತಾಡಿದ.

"ಲೇ, ನಾಕು ಬೆರಳು ಬಿಡು ಅಂದಿದ್ರಲ್ಲ. ಪೂರಾ ಹೊಲ್ದು ಬಂದೀಯಲ್ಲೋ. ಒಳಗಿನ ಗಾಳಿ ಎಲ್ಲಿಂದ ಹೋಗಬೇಕು? ಹೋಗಿ ಬಿಚ್ಚು."

ಆ ನಿಯಮವನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಕೊನೆಯ ಹೊದಿಕೆಯ ಮೂಲೆಯನ್ನು ನೆನಪಿಸಿಕೊಳ್ಳಲು ನೋಡಿದೆ. ಬಿಟ್ಟೆನೋ, ಹೊಲಿದೆನೋ, ಏನು ಮಾಡಿದರೂ ನೆನಪಾಗಲಿಲ್ಲ.

"ಹೋಗಬ್ಯಾಡ ತಮ್ಮಾ," ಎಂದಳು ಅಕ್ಕ. "ಇವತ್ತೋ ನಾಳಿಯೋ ಅನ್ನಂಗ ಅದಾನ."

ಅಪ್ಪ ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿದ. ನಾನು ಹೊರಟೆ. ಕೊಟ್ಟೂರಿನ ಅಂಚೆ ಕಚೇರಿಯಿಂದ ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಏನೆಂದು ಹೇಳಲಿ? ಮಾತು ನಿಂತ ನಮ್ಮಪ್ಪ ಹೇಳಿದ ಎಂದೇ? ಕೂಡ್ಲಿಗಿಗೆ ಬಂದು ಸಿಕ್ಕ ಲಾರಿ ಹತ್ತಿದೆ.

ಮರುದಿನ ಕೆಲಸ ಶುರುವಾಗುವ ಹೊತ್ತಿಗೆ ಸಾಹೇಬರ ಮುಂದೆ ನಿಂತು, ಹೊಲಿಗೆಯೊಂದರ ಬಗ್ಗೆ ಅನುಮಾನವಿದೆ, ಒಮ್ಮೆ ನೋಡಬೇಕು ಎಂದು ಬೇಡಿಕೊಂಡೆ. ಬಿಳಿ ನಿಲುವಂಗಿ, ಮುಖಗವಸು ಹಾಕಿಕೊಂಡು ಒಳಗೆ ಹೋದೆವು. ಮೂಲೆಯ ತುದಿಯವರೆಗೂ ಹೊಲಿಗೆ ಬಿದ್ದಿತ್ತು. ಅಪ್ಪ ಕಲಿಸಿದ ಕಂಬಳಿ ಹೊಲಿಗೆ. ತಪಾಸಣೆ ಮಾಡಿದವರ ಕಣ್ಣಿಗೂ ಬಿದ್ದಿರಲಿಲ್ಲ. ಸಾಹೇಬರು ಕತ್ತರಿ ಕೊಟ್ಟರು. ಒಂದೊಂದೇ ಹೊಲಿಗೆ ಕತ್ತರಿಸಿ ನಾಲ್ಕು ಬೆರಳು ಬಿಚ್ಚಿದೆ.

ಊರಿಗೆ ಮರಳಿದಾಗ ಅಪ್ಪನ ಮಣ್ಣು ಮುಗಿದಿತ್ತು. ಅಕ್ಕ ನನ್ನೊಡನೆ ಜಗಳಾಡಲಿಲ್ಲ. ಒಳಗಿನಿಂದ ಆ ಕಂಬಳಿ ತಂದು ಹಾಸಿದಳು.

"ನೀ ಹೋದಾಗಿಂದ ಉಸಿರು ಸಿಗದಂಗ ಒದ್ದಾಡಾಕತ್ತಿದ್ದ. ಮರುದಿನ ಮುಂಜಾನಿ ಒಮ್ಮೆಲೇ ಉಸ್ ಅಂದ, ಅಷ್ಟ. ಆಮ್ಯಾಲ ನೋಡಿದ್ರ ಹಿಂಗಾಗಿತ್ತು. ಕತ್ತರಿ ಮುಟ್ಟಿದವರು ಯಾರೂ ಇಲ್ಲೋ ತಮ್ಮಾ."

ಎರಡು ಪಟ್ಟಿ ಕೂಡಿಸಿದ ಹೊಲಿಗೆ ಒಂದು ತುದಿಯಲ್ಲಿ ಬಾಯಿಬಿಟ್ಟಿತ್ತು. ನೂಲು ಸವೆದು ಹರಿದದ್ದಲ್ಲ. ಒಂದೊಂದೇ ಹೊಲಿಗೆಯನ್ನು ನೀಟಾಗಿ ಕತ್ತರಿಸಿದಂತಿತ್ತು. ಬೆರಳಿಟ್ಟು ನೋಡಿದೆ, ಸರಿಯಾಗಿ ನಾಲ್ಕು ಬೆರಳು.

ಉಪಗ್ರಹ ಮೇಲೆ ಹೋಯಿತು, ಚೆನ್ನಾಗಿಯೇ ಕೆಲಸ ಮಾಡಿತು. ಎಲ್ಲರೂ ಸಿಹಿ ಹಂಚಿಕೊಂಡರು. ನನ್ನ ಪಾಲಿನದನ್ನು ಬಾಯಿಗಿಡಲು ನನ್ನಿಂದಾಗಲಿಲ್ಲ. ಅವತ್ತು ಅಲ್ಲಿ ಕೂತು ನಾನು ಬಿಚ್ಚಿದ್ದು ಯಾವುದನ್ನು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.

ಕಂಬಳಿ ನನ್ನ ಪೆಟ್ಟಿಗೆಯಲ್ಲಿದೆ. ಬಾಯಿಬಿಟ್ಟ ಹೊಲಿಗೆಯನ್ನು ಅಪ್ಪ ಕ್ಷಮಿಸುತ್ತಿರಲಿಲ್ಲವೆಂದು ಎರಡು ಸಲ ಸೂಜಿಗೆ ನೂಲು ಪೋಣಿಸಿಕೊಂಡು ಕೂತಿದ್ದೇನೆ. ಆ ಉಪಗ್ರಹದ ಕೆಲಸ ಎಂದೋ ಮುಗಿದಿದೆ ಎಂದು ಗೊತ್ತು. ಆದರೂ ಚುಚ್ಚಲು ಕೈ ಬರುವುದಿಲ್ಲ.